ಸಾಲ್ಮನ್ ತಟ್ಟೆ ಇಬ್ಬರಿಗೋ ಎಂಟು ಮಂದಿಗೋ: ಮೀನು, ಉರಿ, ತರಕಾರಿ ಆರಿಸಿಕೊಳ್ಳುವ ಬಗೆ

ಮನೆಯಲ್ಲೇ ಚೆಂದದ ಸಾಲ್ಮನ್ ತಟ್ಟೆ ಮಾಡಿ ಬಡಿಸಬೇಕು ಅಂದುಕೊಂಡವರು ಸಾಮಾನ್ಯವಾಗಿ ಮೂರು ಕಡೆ ತಡವರಿಸುತ್ತಾರೆ. ತಾಜಾ ನಾರ್ವೆ ಸಾಲ್ಮನ್ ತರುವುದೋ, ಫ್ರೋಜನ್ ಸಾಕೋ, ಇಲ್ಲಾ ನಮ್ಮ ಕರಾವಳಿಯ ರಾವಸ್‌ನಲ್ಲೇ ಮುಗಿಸುವುದೋ? ಬಾಣಲೆಯೋ, ಓವನ್ನೋ, ಇಡ್ಲಿ ಪಾತ್ರೆಯ ಹಬೆಯೋ? ಪಕ್ಕಕ್ಕೆ ಯಾವ ತರಕಾರಿ? ಮೂರನ್ನೂ ಬೇರೆ ಬೇರೆಯಾಗಿ ತೀರ್ಮಾನಿಸಿದರೆ ಅಡುಗೆಮನೆಯಲ್ಲಿ ಚೆನ್ನಾಗಿ ಕಂಡಿದ್ದು ಮೇಜಿಗೆ ಬರುವಷ್ಟರಲ್ಲಿ ಕೆಟ್ಟಿರುತ್ತದೆ: ಮೀನಿನ ಚರ್ಮ ಮೆತ್ತಗಾಗಿ, ಪ್ಯೂರಿಯ (ಬೇಯಿಸಿ ನುಣ್ಣಗೆ ರುಬ್ಬಿದ ತರಕಾರಿ) ಸುತ್ತ ನೀರಿನ ಉಂಗುರ ಎದ್ದು, ಬೀನ್ಸ್ ಕಂದಿರುತ್ತದೆ. ಒಂದರ ಆಯ್ಕೆ ಇನ್ನೊಂದನ್ನು ಕಟ್ಟಿಹಾಕುತ್ತದೆ, ಅದಕ್ಕೇ ಒಟ್ಟಿಗೇ ನೋಡಬೇಕು.

ಯಾವುದರಿಂದ ಅಳೆಯುವುದು

ಮೊದಲ ಪ್ರಶ್ನೆ ತಲೆಯೆಣಿಕೆಯದು. ಒಂದೇ ಸಲಕ್ಕೆ ಎಷ್ಟು ತಟ್ಟೆ ಮೇಜಿಗೆ ಹೋಗಬೇಕು? ಎರಡು ತುಂಡಿಗೆ ಸೊಗಸಾಗಿ ಬಂದ ವಿಧಾನ ಎಂಟು ತುಂಡಿಗೆ ಕೈಕೊಡುತ್ತದೆ. ಬೇರೆ ಯಾವ ವಿಷಯದಲ್ಲಿ ರಾಜಿ ಮಾಡಿಕೊಂಡರೂ ಇದೊಂದರಲ್ಲಿ ಮಾಡಿಕೊಳ್ಳಬೇಡಿ.

ಎರಡನೆಯದು, ಬೆಂದ ಮೇಲೆ ಮೀನು ಎಷ್ಟು ಹೊತ್ತು ಕಾಯಬೇಕಾಗುತ್ತದೆ ಎಂಬುದು. ಗರಿಗರಿ ಚರ್ಮದ ಆಯುಷ್ಯ ಐದು ನಿಮಿಷ. ನೀರಿನಲ್ಲಿ ಹದವಾಗಿ ಬೇಯಿಸಿ ತಣ್ಣಗೆ ಬಡಿಸುವ ಸಾಲ್ಮನ್ ಫ್ರಿಜ್‌ನಲ್ಲಿ ಒಂದು ದಿನ ಇದ್ದರೂ ಏನೂ ಆಗದು. ಮೂರನೆಯದು ನೀರು: ತಟ್ಟೆಯ ಅಂದ ಕೆಡಿಸುವುದರಲ್ಲಿ ಇದನ್ನು ಮೀರಿಸುವುದು ಇನ್ನೊಂದಿಲ್ಲ. ಸರಿಯಾಗಿ ಒರೆಸದ ಮೀನು, ಹಿಂಡದ ಪಾಲಕ್, ತೆಳು ಪ್ಯೂರಿ, ಇವೆಲ್ಲ ತಟ್ಟೆಯ ಮೇಲೆ ಬಂದು ನೀರು ಬಿಡುತ್ತವೆ. ನಾಲ್ಕನೆಯದು ಬಣ್ಣ. ಸಾಲ್ಮನ್ ತಾನೇ ಕಿತ್ತಳೆ ಬಣ್ಣದ್ದು ಎಂಬುದನ್ನು ತರಕಾರಿ ಕೊಳ್ಳುವಾಗ ಮುಕ್ಕಾಲು ಪಾಲು ಜನ ಮರೆಯುತ್ತಾರೆ. ಕೊನೆಗೆ ಖರ್ಚು.

ಸುರಕ್ಷತೆಯ ಮಾತನ್ನು ಇಲ್ಲೇ ಹೇಳಿಬಿಡಬೇಕು. ಹೋಟೆಲುಗಳು ಸಾಲ್ಮನ್ನಿನ ನಡುಭಾಗ 50ರಿಂದ 52 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗಲೇ ಉರಿಯಿಂದ ಇಳಿಸುತ್ತವೆ. ಒಳಗೆ ಅರೆಪಾರದರ್ಶಕವಾಗಿ, ಬೆಣ್ಣೆಯಂತೆ ಇರುತ್ತದೆ. ಅಮೆರಿಕದ ಆಹಾರ ಸುರಕ್ಷತಾ ಸಲಹೆ ಮಾತ್ರ 63 ಡಿಗ್ರಿ. ಗರ್ಭಿಣಿಯರು, ಪುಟ್ಟ ಮಕ್ಕಳು, ವಯಸ್ಸಾದವರು ಊಟಕ್ಕೆ ಕೂರುವುದಾದರೆ 63ಕ್ಕೇ ಹೋಗಿ. ಆ ಶಾಖದಲ್ಲಿ ಕೊಬ್ಬಿರುವ ಮೀನು ತಾಳುತ್ತದೆ, ಕೊಬ್ಬಿಲ್ಲದ ಮೀನು ಒಣಗುತ್ತದೆ. ಆದ್ದರಿಂದ ಉಣ್ಣುವವರು ಯಾರು ಎಂಬುದರ ಮೇಲೂ ಮೀನಿನ ಆಯ್ಕೆ ನಿಂತಿದೆ.

ಮೀನು: ನಾಲ್ಕು ದಾರಿ

ನಗರದ ದೊಡ್ಡ ಅಂಗಡಿಗಳಲ್ಲಿ ಐಸಿನ ಮೇಲೆ ಸಿಗುವ ನಾರ್ವೆ ಸಾಲ್ಮನ್ ಸಾಕಿದ ಅಟ್ಲಾಂಟಿಕ್ ಸಾಲ್ಮನ್. ಅದರ ಬಣ್ಣ ಆಹಾರದಲ್ಲಿ ಕೊಡುವ ಅಸ್ಟಾಕ್ಸಾಂಥಿನ್‌ನಿಂದ ಬರುತ್ತದೆ. ಕಾಡು ಸಾಲ್ಮನ್‌ಗೂ ಸಿಗಡಿಯಂಥ ಜೀವಿಗಳನ್ನು ತಿಂದು ಅದೇ ವರ್ಣದ್ರವ್ಯ ಸಿಗುತ್ತದೆ. 100 ಗ್ರಾಂ ಹಸಿ ಮಾಂಸದಲ್ಲಿ ಸುಮಾರು 13 ಗ್ರಾಂ ಕೊಬ್ಬು. ಉರಿಯ ಲೆಕ್ಕ ಒಂದೆರಡು ನಿಮಿಷ ತಪ್ಪಿದರೂ ಮೀನು ಉಳಿದುಕೊಳ್ಳುವುದು ಈ ಕೊಬ್ಬಿನಿಂದ. ಮೊದಲ ಸಲ ಮಾಡುವವರಿಗೆ, ಅದರಲ್ಲೂ ಅತಿಥಿಗಳ ಎದುರು ಮಾಡುವವರಿಗೆ, ಇದರ ಬೆಲೆ ದಂಡವಲ್ಲ. ಕೊಳ್ಳುವಾಗ ಬಿಳಿಗೆರೆಗಳು ಬಿಗಿಯಾಗಿ ಕೂಡಿಕೊಂಡಿವೆಯೇ, ನಡುವೆ ಬಿರುಕು ಬಿಟ್ಟಿದೆಯೇ, ಟ್ರೇಯ ತಳದಲ್ಲಿ ನೀರು ನಿಂತಿದೆಯೇ ನೋಡಿ. ಬೆರಳಿನಿಂದ ಒತ್ತಿದ ಕುಳಿ ಮೇಲೇಳದಿದ್ದರೆ ಬಿಟ್ಟುಬಿಡಿ. ‘ಇದು ಫ್ರೋಜನ್ ಕರಗಿಸಿಟ್ಟದ್ದಾ?’ ಎಂದು ಕೇಳಲು ಸಂಕೋಚ ಬೇಡ. ಹಾಗಿದ್ದರೆ ಅದಕ್ಕೆ ತಾಜಾ ಮೀನಿನ ಬೆಲೆ ಕೊಡುವ ಬದಲು ಫ್ರೋಜನ್ನೇ ತಂದು ನೀವೇ ಕರಗಿಸಿಕೊಳ್ಳುವುದು ಮೇಲು.

ಫ್ರೋಜನ್ ಅಟ್ಲಾಂಟಿಕ್ ಅಗ್ಗ, ಬೇಕಾದ ದಿನ ತೆಗೆಯಬಹುದು, ತುಂಡುಗಳೆಲ್ಲ ಹೆಚ್ಚುಕಡಿಮೆ ಒಂದೇ ತೂಕ. ಎಂಟು ತಟ್ಟೆ ಒಂದೇ ಥರ ಕಾಣಬೇಕಾದರೆ ಈ ಕೊನೆಯ ಗುಣ ದೊಡ್ಡದು. ಕೆಡುವುದು ಕರಗಿಸುವಾಗ. ಹಿಂದಿನ ರಾತ್ರಿಯೇ ಪ್ಲಾಸ್ಟಿಕ್ ಕತ್ತರಿಸಿ ತೆಗೆದು, ಜಾಲರಿಯ ಮೇಲಿಟ್ಟು, ಕೆಳಗೊಂದು ತಟ್ಟೆ ಇಟ್ಟು ಫ್ರಿಜ್‌ನಲ್ಲಿ 10-12 ಗಂಟೆ ಬಿಡಿ. ಗಾಳಿ ತೆಗೆದು ಮುಚ್ಚಿದ ಪ್ಯಾಕೆಟ್ಟಿನೊಳಗೇ ಕರಗಿಸಬಾರದು. ಗಾಳಿಯಿಲ್ಲದ ಕಡೆ ಬೆಳೆಯುವ ಅಪಾಯಕಾರಿ ಬ್ಯಾಕ್ಟೀರಿಯಾಕ್ಕೆ ಅದು ಅನುಕೂಲ. ಬಿಸಿನೀರಿಗೆ ಹಾಕಿದರೆ ಹೊರಭಾಗ ಸಡಿಲಾಗಿ ಪದರ ಬಿಚ್ಚಿಕೊಳ್ಳುತ್ತದೆ, ಆಮೇಲೆ ಬಾಣಲೆಯಲ್ಲಿ ತಿರುಗಿಸುವಾಗ ಮುರಿಯುತ್ತದೆ.

ಪೆಸಿಫಿಕ್ ಕಡೆಯ ಕಾಡು ಸಾಲ್ಮನ್, ಅಂದರೆ ಸಾಕ್‌ಐ, ಪಿಂಕ್, ಚಮ್, ನಮ್ಮಲ್ಲಿ ಕಾಣಿಸಿದರೆ ಫ್ರೋಜನ್ ರೂಪದಲ್ಲೇ. ಅಮೆರಿಕ, ಕೆನಡಾದಲ್ಲಿರುವ ಕನ್ನಡಿಗರಿಗೆ ಇವು ಸಲೀಸಾಗಿ ಸಿಗುತ್ತವೆ. ಸಾಕ್‌ಐ ಬಣ್ಣ ಇಟ್ಟಿಗೆ ಕೆಂಪು, ತಟ್ಟೆಯ ಮೇಲೆ ಅದರಷ್ಟು ಎದ್ದು ಕಾಣುವುದು ಬೇರೊಂದಿಲ್ಲ, ರುಚಿಯೂ ಗಟ್ಟಿ. ಆದರೆ ಕೊಬ್ಬು ಕಡಿಮೆ, ತುಂಡೂ ತೆಳು. ಅಟ್ಲಾಂಟಿಕ್‌ನ ಲೆಕ್ಕದಲ್ಲಿ ಉರಿಯ ಮೇಲಿಟ್ಟರೆ ಮರದ ಹೊಟ್ಟಿನಂತಾಗುತ್ತದೆ. ಸಮಯವನ್ನು ಮೂರನೇ ಒಂದು ಭಾಗ ಇಳಿಸಿ, ನಡುವೆ 49-50 ಡಿಗ್ರಿಗೇ ತೆಗೆಯಿರಿ. 63 ಡಿಗ್ರಿ ಬೇಕಾದವರು ಇದರ ತಂಟೆಗೆ ಹೋಗದಿರುವುದೇ ಒಳ್ಳೆಯದು. ಪಿಂಕ್, ಚಮ್ ಎರಡೂ ಕಟ್‌ಲೆಟ್ಟಿಗೆ ಸರಿ, ತಟ್ಟೆಯ ನಡುವೆ ಕೂರಿಸುವ ಮೀನಲ್ಲ.

ಇನ್ನು ರಾವಸ್. ‘ಇಂಡಿಯನ್ ಸಾಲ್ಮನ್’ ಎಂಬ ಹೆಸರಿನ ಚೀಟಿ ನೋಡಿ ಮೋಸಹೋಗಬೇಡಿ; ಇದು ಸಾಲ್ಮನ್ ಕುಲಕ್ಕೆ ಸೇರಿದ್ದೇ ಅಲ್ಲ, ಎದೆಯ ರೆಕ್ಕೆಯ ಕೆಳಗೆ ನಾಲ್ಕು ಎಳೆಗಳಿರುವ ನಮ್ಮ ಸಮುದ್ರದ ಮೀನು. ಮಾಂಸ ಬಿಳಿ, ಬೆಂದಾಗ ದೊಡ್ಡ ಎಸಳಾಗಿ ಬಿಡುತ್ತದೆ, ಚರ್ಮ ಗರಿಗರಿಯಾಗುತ್ತದೆ. ಹೆಸರಿನ ಕಾರಣಕ್ಕೆ ಸಾಲ್ಮನ್ ರುಚಿ ಹುಡುಕಿದರೆ ನಿರಾಸೆಯೇ ಗತಿ. ಆದರೆ ತಾಜಾ ಸಿಕ್ಕ ದಿನ ಅದನ್ನು ಬಿಟ್ಟು ಹಳಸಲು ಸಾಲ್ಮನ್ ಕೊಳ್ಳುವುದರಲ್ಲಿ ಅರ್ಥವಿಲ್ಲ. ನಮ್ಮ ಮೀನಂಗಡಿಗಳಲ್ಲಿ ಹೇಳದಿದ್ದರೆ ಮೀನನ್ನು ಅಡ್ಡಡ್ಡಲಾಗಿ, ನಡುಮುಳ್ಳು ಸಮೇತ ಕತ್ತರಿಸಿ ಕೊಡುವುದೇ ರೂಢಿ. ಸಾರಿಗೆ ಅದು ಸರಿ, ಈ ತಟ್ಟೆಗಲ್ಲ. ‘ಹುರುಪೆ ತೆಗೀರಿ, ಚರ್ಮ ಬಿಡಿ, ನಡುಮುಳ್ಳು ಬಿಡಿಸಿ ಎರಡು ಫಿಲೆಟ್ ಮಾಡಿ’ ಎಂದು ಕತ್ತಿ ಎತ್ತುವ ಮೊದಲೇ ಹೇಳಬೇಕು. ಎರಡು ಕಿಲೋಗಿಂತ ಚಿಕ್ಕ ಮೀನಾದರೆ ಫಿಲೆಟ್ ತೀರಾ ತೆಳುವಾಗುತ್ತದೆ. ರಾವಸ್ ನಡುವೆ 58-60 ಡಿಗ್ರಿ ಬೇಕು, ಅರೆಬೆಂದರೆ ಚೆನ್ನಾಗಿರುವುದಿಲ್ಲ. ಇದರ ಬಿಳಿ ಬಣ್ಣದಿಂದ ಆಗುವ ಒಂದು ಅನುಕೂಲ ತರಕಾರಿಯ ಭಾಗದಲ್ಲಿ ಬರುತ್ತದೆ.

ಯಾವ ಮೀನಾದರೂ ತಲೆಗೆ 150 ಗ್ರಾಂ ಸಾಕು, 4-5 ಸೆಂ.ಮೀ. ಅಗಲ, ಸುಮಾರು 2.5 ಸೆಂ.ಮೀ. ದಪ್ಪ. ಬಾಲದ ಕಡೆಯ ಭಾಗ ಬೆಲೆ ಇಳಿಸಿ ಕೊಟ್ಟರೂ ಈ ಅಡುಗೆಗೆ ಬೇಡ: ಒಂದು ತುದಿ 1 ಸೆಂ.ಮೀ., ಇನ್ನೊಂದು 2 ಸೆಂ.ಮೀ. ಇದ್ದರೆ ತೆಳು ತುದಿ ಒಣಗುವ ಹೊತ್ತಿಗೆ ದಪ್ಪ ತುದಿ ಹಸಿ. ಮನೆಗೆ ತಂದ ಮೇಲೆ ಫಿಲೆಟ್‌ನ ಉದ್ದಕ್ಕೂ ಬೆರಳಾಡಿಸಿ. ಸೂಜಿಯಂಥ ಮುಳ್ಳುಗಳ ಸಾಲೊಂದು ತಗಲುತ್ತದೆ. ಚಿಮಟದಿಂದ ಹಿಡಿದು ತಲೆಯಿದ್ದ ದಿಕ್ಕಿಗೆ ಓರೆಯಾಗಿ ಎಳೆಯಿರಿ. ನೆಟ್ಟಗೆ ಮೇಲಕ್ಕೆ ಎಳೆದರೆ ಮಾಂಸವೇ ಕಿತ್ತುಬರುತ್ತದೆ.

ಉಪ್ಪುನೀರಿನ ಹತ್ತು ನಿಮಿಷ

ಸಾಲ್ಮನ್ ಬೇಯುವಾಗ ಬದಿಯಿಂದ ಮೊಸರಿನಂಥ ಬಿಳಿ ವಸ್ತು ಉಕ್ಕುವುದನ್ನು ನೋಡಿರುತ್ತೀರಿ. ಅದು ಕೊಬ್ಬಲ್ಲ, ಆಲ್ಬುಮಿನ್ ಎಂಬ ಪ್ರೋಟೀನ್. ಶಾಖಕ್ಕೆ ಸ್ನಾಯು ಮುದುಡಿ ಹಿಂಡಿದಾಗ ಹೊರಬಂದು ಗಟ್ಟಿಯಾಗುತ್ತದೆ. ತಿಂದರೆ ಏನೂ ಆಗದು, ಆದರೆ ತಟ್ಟೆಯ ಅಂದ ಅಲ್ಲಿಗೇ ಹಾಳು. ಒಂದು ಲೀಟರ್ ತಣ್ಣೀರಿಗೆ 60 ಗ್ರಾಂ ಉಪ್ಪು ಕರಗಿಸಿ, ಮೀನನ್ನು ಹತ್ತು ನಿಮಿಷ ಮುಳುಗಿಸಿಟ್ಟು ತೆಗೆದು ಒರೆಸಿ. ಹೊರಪದರದ ಸ್ನಾಯು ಸಡಿಲಗೊಂಡು ಆ ಬಿಳಿ ಬಹುಮಟ್ಟಿಗೆ ಕಡಿಮೆಯಾಗುತ್ತದೆ, ಮೀನಿಗೆ ಉಪ್ಪೂ ಹಿಡಿದಿರುತ್ತದೆ. ಆಮೇಲೆ ಮತ್ತೆ ಉಪ್ಪು ಹಾಕಬೇಡಿ. ಅರ್ಧ ಗಂಟೆ ಬಿಟ್ಟರೆ ಉಪ್ಪುಮೀನಿನ ದಾರಿ ಹಿಡಿಯುತ್ತದೆ, ಗಡಿಯಾರ ನೋಡಿಕೊಳ್ಳಿ.

ಅಚ್ಚಖಾರದ ಪುಡಿ, ಅರಿಶಿನ ಸವರುವ ಅಭ್ಯಾಸದ ಕೈ ಇಲ್ಲೂ ತುರಿಸುತ್ತದೆ. ಚರ್ಮ ಕೆಳಗಾಗಿ ಆರೇಳು ನಿಮಿಷ ಹುರಿಯುವ ವಿಧಾನದಲ್ಲಿ ಮಸಾಲೆ ಕರಟಿ ಕಹಿಯಾಗುತ್ತದೆ. ಖಾರ ಬೇಕಾದವರು ಸಾಸಿಗೆ ಹಾಕಿಕೊಳ್ಳಲಿ.

ಬಾಣಲೆ, ಓವನ್, ಹಬೆ

ಬಾಣಲೆ ಎರಡರಿಂದ ನಾಲ್ಕು ತಟ್ಟೆಗೆ. ಇದರ ಗೆಲುವು ಚರ್ಮದಲ್ಲಿದೆ, ಹಪ್ಪಳದಂತೆ ಸದ್ದು ಮಾಡುವ ಚರ್ಮ ಬೇರಾವ ವಿಧಾನದಲ್ಲೂ ಬರದು. ಒರೆಸುವ ಮೊದಲು ಚಾಕುವಿನ ಹಿಂಬದಿಯಿಂದ ಚರ್ಮವನ್ನು ಒಂದೇ ದಿಕ್ಕಿಗೆ ಗೀಚಿ. ಒಳಗಿನ ತೇವ ಸಣ್ಣ ನೊರೆಯಾಗಿ ಹೊರಬರುತ್ತದೆ. ಒರೆಸಿ, ಇನ್ನೊಮ್ಮೆ ಗೀಚಿ. ಸಮಯವಿದ್ದರೆ ಮುಚ್ಚದೆ ಒಂದು ಗಂಟೆ ಫ್ರಿಜ್‌ನಲ್ಲಿಡಿ, ಅಲ್ಲಿಯ ಒಣಗಾಳಿ ಉಳಿದದ್ದನ್ನು ಮಾಡುತ್ತದೆ. ದಪ್ಪ ತಳದ ಬಾಣಲೆ ಹದ ಉರಿಗಿಂತ ತುಸು ಹೆಚ್ಚಿನ ಉರಿಯಲ್ಲಿ ಕಾಯಲಿ, ಒಂದು ದೊಡ್ಡ ಚಮಚ ಎಣ್ಣೆ ಹಾಕಿ, ಎಣ್ಣೆಯಲ್ಲಿ ಅಲೆ ಎದ್ದಾಗ ಮೀನನ್ನು ಚರ್ಮ ಕೆಳಗಾಗಿ, ನಿಮ್ಮಿಂದ ಆಚೆಗೆ ಬಾಗಿಸಿ ಇಡಿ. ಇಟ್ಟ ತಕ್ಷಣ ಮೊಗಚುವ ಕೈಯಿಂದ 15 ಸೆಕೆಂಡು ಮೆತ್ತಗೆ ಒತ್ತಿ ಹಿಡಿಯಿರಿ. ಶಾಖ ತಗಲಿದ ಕೂಡಲೇ ಚರ್ಮ ಕುಗ್ಗಿ ಬಿಲ್ಲಿನಂತೆ ಬಾಗುತ್ತದೆ. ಆ ಹೊತ್ತಿಗೆ ಒತ್ತದಿದ್ದರೆ ಅಂಚು ಮಾತ್ರ ಕಂದು, ನಡುಭಾಗ ರಬ್ಬರ್.

ಈಗ ಉರಿ ಇಳಿಸಿ, ಕೈ ಕಟ್ಟಿಕೊಳ್ಳಿ. 2.5 ಸೆಂ.ಮೀ. ದಪ್ಪದ ತುಂಡಿಗೆ ಆರರಿಂದ ಏಳು ನಿಮಿಷ. ಬದಿಯಿಂದ ನೋಡಿದರೆ ತಿಳಿಗುಲಾಬಿ ಬಣ್ಣ ಕೆಳಗಿನಿಂದ ಮೇಲಕ್ಕೆ ಏರುವುದು ಕಾಣುತ್ತದೆ. ಮುಕ್ಕಾಲು ಭಾಗ ಏರಿದಾಗ ತಿರುಗಿಸಿ, 40 ಸೆಕೆಂಡು, ಇಳಿಸಿ. ತಿರುಗಿಸಲು ಹೋದಾಗ ಅಂಟಿಕೊಂಡಿದ್ದರೆ ಬಲವಂತ ಬೇಡ. ಇನ್ನರ್ಧ ನಿಮಿಷ ಬಿಡಿ, ಕಂದಾದ ಚರ್ಮ ತಾನೇ ಬಿಡುತ್ತದೆ. ನಾನ್‌ಸ್ಟಿಕ್‌ನಲ್ಲಿ ಅಂಟುವ ಭಯವಿಲ್ಲ, ಆದರೆ ಖಾಲಿ ನಾನ್‌ಸ್ಟಿಕ್ಕನ್ನು ದೊಡ್ಡ ಉರಿಯಲ್ಲಿ ಕಾಯಿಸಬಾರದು. ಎಣ್ಣೆ ಹಾಕಿಯೇ ಒಲೆ ಹಚ್ಚಿ. ನಮ್ಮ ದೋಸೆ ಕಾವಲಿ ಚೆನ್ನಾಗಿ ಪಳಗಿದ್ದರೆ ಎರಡು ತುಂಡಿಗೆ ಬಹಳ ಒಳ್ಳೆಯದು, ಮರುದಿನದ ದೋಸೆಗೆ ಮೀನಿನ ವಾಸನೆ ಪರವಾಗಿಲ್ಲ ಎನ್ನುವವರಿಗೆ.

24 ಸೆಂ.ಮೀ. ಬಾಣಲೆಗೆ ಎರಡು ತುಂಡು, 28ಕ್ಕೆ ನಾಲ್ಕು. ಐದನೆಯದನ್ನು ತುರುಕಿದರೆ ತುಂಡುಗಳ ನಡುವೆ ಹಬೆ ಸಿಕ್ಕಿಕೊಂಡು ಚರ್ಮ ಬೇಯುತ್ತದೆಯೇ ಹೊರತು ಹುರಿಯುವುದಿಲ್ಲ. ಎರಡು ಸರದಿಯಲ್ಲಿ ಮಾಡಿದರೆ ಮೊದಲಿನ ಸರದಿ ಆರುತ್ತದೆ. ಬಾಣಲೆಯ ಮಿತಿ ಇದೇ, ಕೌಶಲದಿಂದ ಮೀರಲಾಗದ್ದು.

ನಾಲ್ಕಕ್ಕೆ ಮೇಲಾದರೆ ಓವನ್. ಇದರಲ್ಲೇ ಎರಡು ಬಗೆ. 200 ಡಿಗ್ರಿಯಲ್ಲಿ 10-12 ನಿಮಿಷ ಇಟ್ಟರೆ ಮೇಲ್ಭಾಗ ತುಸು ಕಂದಾಗುತ್ತದೆ, ಆಲ್ಬುಮಿನ್ ಉಕ್ಕುತ್ತದೆ, ಎರಡು ನಿಮಿಷ ತಡವಾದರೆ ಒಣಗುತ್ತದೆ. 120 ಡಿಗ್ರಿಯಲ್ಲಿ 20-25 ನಿಮಿಷ ಇಟ್ಟರೆ ಅಂಚಿನಿಂದ ನಡುವಿನವರೆಗೆ ಒಂದೇ ಹದ, ಬಿಳಿ ಬಹುತೇಕ ಇಲ್ಲ, ಐದು ನಿಮಿಷ ಆಚೀಚೆಯಾದರೂ ನಡೆಯುತ್ತದೆ. ಎಂಟು ಮಂದಿಗೆ ಮಾಡುವವರಿಗೆ ನನ್ನ ಮತ ಕಣ್ಣುಮುಚ್ಚಿ 120ಕ್ಕೆ. ಇದಕ್ಕೆ ತೆರಬೇಕಾದ ಬೆಲೆ ಎರಡು. ಚರ್ಮ ಮೆತ್ತಗೇ ಉಳಿಯುವುದರಿಂದ ಬೆಂದ ಮೇಲೆ ಎಬ್ಬಿ ತೆಗೆದುಬಿಡಬೇಕು. ಗರಿಗರಿಗೆ ಬೇರೇನಾದರೂ ಮೇಲೆ ಉದುರಿಸಬೇಕು, ಉದಾಹರಣೆಗೆ ಬೆಣ್ಣೆಯಲ್ಲಿ ಹುರಿದ ಬ್ರೆಡ್ ಪುಡಿ ಇಲ್ಲವೆ ಸೀಳು ಬಾದಾಮಿ. ಇನ್ನೊಂದು, ಬೆಂದ ಮೇಲೂ ಮೀನು ಹಸಿಯಂತೆ ಹೊಳೆಯುತ್ತದೆ. ‘ಬೆಂದಿಲ್ಲ ಅನ್ಸತ್ತೆ’ ಎಂದು ಅತಿಥಿಯೊಬ್ಬರು ಚಮಚದಿಂದ ಕೆದಕುವುದು ಖಚಿತ. ಅಂಥ ಬಳಗವಾದರೆ ನಡುವೆ 55 ಡಿಗ್ರಿವರೆಗೆ ಹೋಗಿ, ಬಣ್ಣ ಮಾಸಲಾಗುತ್ತದೆ, ತೇವ ಉಳಿದಿರುತ್ತದೆ.

ಓಟಿಜಿ, ಅಂದರೆ ಮೇಜಿನ ಮೇಲಿಡುವ ಚಿಕ್ಕ ಕರೆಂಟ್ ಓವನ್, ಇರುವವರಿಗೆ ಒಂದು ಎಚ್ಚರಿಕೆ. ಗುಂಡಿ ತೋರಿಸುವ 120, ಒಳಗೆ 100 ಇರಬಹುದು, 150 ಕೂಡ ಇರಬಹುದು. ಚಿಕ್ಕ ಓವನ್ ಥರ್ಮಾಮೀಟರ್ ಒಂದನ್ನು ಕೊಂಡಿಟ್ಟರೆ ಕೇಕಿಗೂ ಆಯಿತು. ಮೇಲಿನ ರಾಡ್ ಮೀನಿಗೆ ತೀರಾ ಹತ್ತಿರ ಇರುವುದರಿಂದ ಕೆಳಗಿನದನ್ನಷ್ಟೇ ಹಚ್ಚಿ. ಏರ್‌ಫ್ರೈಯರ್ ಒಬ್ಬಿಬ್ಬರಿಗೆ ಸರಿ, 180 ಡಿಗ್ರಿಯಲ್ಲಿ 8-9 ನಿಮಿಷ. ಬೀಸುಗಾಳಿ ಮೇಲ್ಮೈ ಒಣಗಿಸುವುದರಿಂದ ಎಣ್ಣೆ ಸವರಲೇಬೇಕು.

ಹಬೆಗೆ ಹೊಸದೇನೂ ಕೊಳ್ಳಬೇಕಿಲ್ಲ. ಇಡ್ಲಿ ಪಾತ್ರೆಯಲ್ಲಿ ನೀರು ಕುದಿ ಬಂದ ಮೇಲೆ, ಬಾಡಿಸಿದ ಬಾಳೆಲೆಯ ಮೇಲೆ ಮೀನಿಟ್ಟು, ಮುಚ್ಚಳಕ್ಕೆ ಬಟ್ಟೆ ಕಟ್ಟಿ ಏಳೆಂಟು ನಿಮಿಷ. ಬಟ್ಟೆ ಕಟ್ಟದಿದ್ದರೆ ಮುಚ್ಚಳದ ಹನಿ ಬಿದ್ದು ಮೀನಿನ ಮೇಲೆ ಚುಕ್ಕೆ ಚುಕ್ಕೆಯಾಗುತ್ತದೆ. ಎಣ್ಣೆ ಬೇಡವೆನ್ನುವವರಿಗೆ, ಹಲ್ಲಿಲ್ಲದ ಅಜ್ಜಿಗೆ, ಒಲೆ ಬಿಟ್ಟು ಬೇರೇನಿಲ್ಲದ ಬಾಡಿಗೆ ಮನೆಗೆ ಇದೇ ಸರಿ. ಕೊರತೆಯೆಂದರೆ ಹುರಿದ ಪರಿಮಳವಿಲ್ಲ, ನೋಟವೂ ಪೇಲವ. ಸಾಸ್ ಗಟ್ಟಿ ರುಚಿಯದ್ದಾಗಿರಬೇಕು. ಅಟ್ಲಾಂಟಿಕ್ ಸಾಲ್ಮನ್ನೂ ರಾವಸ್ಸೂ ಹಬೆಗೆ ಒಪ್ಪುತ್ತವೆ.

ತಣ್ಣಗೆ ಬಡಿಸುವುದಾದರೆ ನೀರಿನಲ್ಲಿ ಬೇಯಿಸಿ. ಅಗಲ ಪಾತ್ರೆಯಲ್ಲಿ ಮೀನು ಮುಳುಗುವಷ್ಟು ನೀರು, ಉಪ್ಪು, ನಿಂಬೆ ಬಿಲ್ಲೆ, ಕಾಳುಮೆಣಸು, ಸೀಳಿದ ಈರುಳ್ಳಿ. 75-80 ಡಿಗ್ರಿ, ಅಂದರೆ ತಳದಿಂದ ಗುಳ್ಳೆ ಏಳುವ ಮೊದಲಿನ ನಡುಕ. ಒಮ್ಮೆ ಕುದಿ ಬಂದರೂ ಮೀನು ಹಿಂಡಿಕೊಳ್ಳುತ್ತದೆ. ಎಂಟು-ಹತ್ತು ನಿಮಿಷ, ಎತ್ತಿ ಆರಿಸಿ ಫ್ರಿಜ್‌ಗೆ. ಹಿಂದಿನ ದಿನವೇ ಮಾಡಿಟ್ಟು, ಅತಿಥಿಗಳು ಬಂದ ಮೇಲೆ ಮಾತಾಡುತ್ತ ಕೂರಬಹುದಾದದ್ದು ಇದೊಂದೇ.

ಥರ್ಮಾಮೀಟರ್ ಇಲ್ಲದಿದ್ದರೆ ತೆಳು ಚಾಕುವಿನ ತುದಿಯನ್ನು ನಡುವೆ ಐದು ಸೆಕೆಂಡು ಚುಚ್ಚಿಟ್ಟು, ಅದರ ಚಪ್ಪಟೆ ಬದಿಯನ್ನು ಕೆಳತುಟಿಗೆ ಮುಟ್ಟಿಸಿ. ತಣ್ಣಗಿದ್ದರೆ ಹಸಿ, ಉಗುರುಬೆಚ್ಚಗಿದ್ದರೆ ಹೋಟೆಲಿನ ಹದ, ಚುರ್ ಎಂದರೆ ಪೂರ್ತಿ ಬೆಂದಿದೆ.

ತರಕಾರಿ: ಒಂದು ಹಾಸು, ಒಂದು ಹಸಿರು, ಒಂದು ಹುಳಿ

ತಟ್ಟೆಗೆ ಮೂರು ಕೆಲಸದ ತರಕಾರಿ ಸಾಕು. ಮೀನಿನ ಕೆಳಗೆ ಹಾಸಲು ನುಣ್ಣನೆಯದು, ಪಕ್ಕದಲ್ಲಿ ಕಚ್ಚಿದರೆ ಕಟಕ್ ಎನ್ನುವ ಹಸಿರು, ಕೊಬ್ಬಿಗೆ ಎದುರಾಗಿ ಹುಳಿಯದೊಂದು. ನಾಲ್ಕನೆಯದು ಸೇರಿದರೆ ತಟ್ಟೆ ಪಲ್ಯದ ಅಂಗಡಿಯಾಗುತ್ತದೆ.

ಬಣ್ಣದ ಮಾತಿಗೆ ಬಂದರೆ: ಸಿಹಿಗುಂಬಳ, ಕ್ಯಾರೆಟ್, ಗೆಣಸು ಇವುಗಳ ಪ್ಯೂರಿ ರುಚಿಯಾಗಿರುತ್ತದೆ, ಮಾಡುವುದೂ ಸುಲಭ. ಆದರೆ ಕಿತ್ತಳೆಯ ಮೇಲೆ ಕಿತ್ತಳೆ ಕೂತು ಮೀನೇ ಕಾಣೆಯಾಗುತ್ತದೆ. ಬೀಟ್‌ರೂಟ್ ಇನ್ನೂ ತಂಟೆ, ಮೀನಿನ ಬುಡಕ್ಕೆ ನೇರಳೆ ಏರಿ ಗಾಯದಂತೆ ಕಾಣುತ್ತದೆ. ಸಾಲ್ಮನ್ ಕೆಳಗೆ ಬಿಳಿ ಇಲ್ಲವೆ ಹಸಿರು ಹಾಸಿ. ರಾವಸ್ ತಂದಿದ್ದರೆ ಲೆಕ್ಕ ತಿರುವುಮುರುವು: ಬಿಳಿ ಮೀನಿಗೆ ಸಿಹಿಗುಂಬಳದ ಹಾಸು ಬಹಳ ಒಪ್ಪುತ್ತದೆ, ಅದೂ ಕಡಿಮೆ ಖರ್ಚಿನಲ್ಲಿ. ಕಡಿಮೆ ದುಡ್ಡಿನಲ್ಲಿ ಕಣ್ಣು ಕುಕ್ಕುವ ತಟ್ಟೆ ಬೇಕಾದವರಿಗೆ ರಾವಸ್, ಸಿಹಿಗುಂಬಳ, ಬೀನ್ಸ್, ಈ ಮೂರು ಸಾಕು.

ಬಿಳಿ ಹಾಸಿಗೆ ಹೂಕೋಸು ಮತ್ತು ಆಲೂಗಡ್ಡೆಯ ನಡುವೆ ಆಯ್ಕೆ. ಆಲೂಗಡ್ಡೆ ಹೊಟ್ಟೆ ತುಂಬಿಸುತ್ತದೆ, ಆದರೆ ಮಿಕ್ಸಿಗೆ ಹಾಕಿದಿರೋ ಕೆಟ್ಟಿತು. ಬ್ಲೇಡು ಕಣಗಳನ್ನು ಒಡೆದು ಪಿಷ್ಟ ಹೊರಬಂದು ಅಂಟಾಗುತ್ತದೆ. ಬಿಸಿಯಿರುವಾಗಲೇ ಜರಡಿಯಲ್ಲಿ ಒತ್ತಿ ಇಳಿಸಬೇಕು, ತೋಳು ಸೋಲುತ್ತದೆ. ಹೂಕೋಸಿಗೆ ಮಿಕ್ಸಿಯೇ ಬೇಕು. ನಾಲ್ಕು ತಟ್ಟೆಗೆ 400 ಗ್ರಾಂ ಹೂಕೋಸು ಬಿಡಿಸಿ, 150 ಮಿ.ಲೀ. ಹಾಲು, 100 ಮಿ.ಲೀ. ನೀರು, ಉಪ್ಪು ಹಾಕಿ ಮುಚ್ಚಿ ಹದಿನೈದು ನಿಮಿಷ, ಬೆರಳಲ್ಲಿ ಹಿಸುಕಿದರೆ ಕರಗುವಷ್ಟು ಬೇಯಿಸಿ. ಹಾಲು ಬಸಿದು ಬೇರೆ ಇಟ್ಟುಕೊಳ್ಳಿ. ಐದು ನಿಮಿಷ ಆರಲಿ. ಬಿಸಿಯದನ್ನು ಮಿಕ್ಸಿಗೆ ಹಾಕಿದರೆ ಹಬೆ ಮುಚ್ಚಳ ಹಾರಿಸಿ ಗೋಡೆಗೆ ಬಣ್ಣ ಬಳಿಯುತ್ತದೆ. 30 ಗ್ರಾಂ ಬೆಣ್ಣೆ ಸೇರಿಸಿ ರುಬ್ಬಿ, ಸಾಲದಿದ್ದರೆ ಮಾತ್ರ ಆ ಹಾಲನ್ನು ಚಮಚ ಚಮಚವಾಗಿ ಬಿಡಿ. ಆಮೇಲಿನ ಕೆಲಸವನ್ನೇ ಜನ ಬಿಡುವುದು: ಅದನ್ನು ಮತ್ತೆ ಬಾಣಲೆಗೆ ಸುರಿದು ಸಣ್ಣ ಉರಿಯಲ್ಲಿ ಕೈಯಾಡಿಸಿ. ಸೌಟಿನಿಂದ ತಳದಲ್ಲಿ ಗೆರೆ ಎಳೆದರೆ ಅದು ಎರಡು ಸೆಕೆಂಡು ಮುಚ್ಚದೆ ನಿಲ್ಲಬೇಕು. ಅಷ್ಟಾದರೆ ತಟ್ಟೆಯ ಮೇಲೆ ನೀರು ಬಿಡುವುದಿಲ್ಲ.

ಹಸಿರು ಹಾಸಿಗೆ ಬಟಾಣಿ. ಫ್ರೋಜನ್ 300 ಗ್ರಾಂ, ಎರಡು ನಿಮಿಷ ಕುದಿಸಿ, ಐಸ್ ನೀರಿಗೆ ಹಾಕಿ, ರುಬ್ಬಿ, ಸಿಪ್ಪೆ ಉಳಿಯದಂತೆ ಸೋಸಿ. ಇಷ್ಟು ಬೇಗ ಆಗುವುದು ಬೇರೊಂದಿಲ್ಲ, ಬಣ್ಣವೂ ಝಗಝಗ. ಆದರೆ ಬಿಸಿಯಾಗಿಟ್ಟು ಕಾಯಿಸಿದರೆ, ನಿಂಬೆ ಹಿಂಡಿದರೆ ಪಾಚಿ ಬಣ್ಣಕ್ಕೆ ತಿರುಗುತ್ತದೆ; ಹುಳಿ ಮತ್ತು ಶಾಖ ಹಸಿರಿನಲ್ಲಿರುವ ಮೆಗ್ನೀಸಿಯಂ ಕಿತ್ತುಬಿಡುತ್ತವೆ. ಅರ್ಧ ಗಂಟೆ ಕಾಯಬೇಕಾದ ಊಟಕ್ಕೆ ಹೂಕೋಸೇ ಸರಿ.

ಪಕ್ಕದ ಹಸಿರಿಗೆ ಆಸ್ಪರಾಗಸ್ ಎಂದು ಫೋಟೊಗಳು ಹೇಳುತ್ತವೆ. ನಮ್ಮಲ್ಲಿ ಅದು ದುಬಾರಿ, ಎಷ್ಟೋ ಸಲ ನಾರು. ಎಳೆ ಬೀನ್ಸ್ ಅದೇ ಕೆಲಸವನ್ನು ಮಾಡುತ್ತದೆ, ನಾನಂತೂ ಅದನ್ನೇ ಮೇಲೆನ್ನುತ್ತೇನೆ. ಲೀಟರಿಗೆ 10 ಗ್ರಾಂ ಉಪ್ಪು ಹಾಕಿದ ಕುದಿನೀರಿಗೆ ಉದ್ದಕ್ಕೇ ಬಿಡಿ, ಮುಚ್ಚಬೇಡಿ, ನಾಲ್ಕು ನಿಮಿಷ, ಐಸ್ ನೀರು, ಆಮೇಲೆ ಬಟ್ಟೆಯಲ್ಲಿ ಸುತ್ತಿ ಒರೆಸಿ. ಬಡಿಸುವಾಗ ಬೆಣ್ಣೆಯಲ್ಲಿ ಒಂದು ನಿಮಿಷ ಹೊರಳಿಸಿ. ಬ್ರಾಕೊಲಿಯನ್ನು ಬೇಯಿಸಿದರೆ ಹೂವಿನೊಳಗೆ ನೀರು ಹಿಡಿದಿಟ್ಟುಕೊಂಡು ತಟ್ಟೆಯ ಮೇಲೆ ಬಿಡುತ್ತದೆ, ಹುರಿಯುವುದೇ ದಾರಿ: 200 ಡಿಗ್ರಿ, 15 ನಿಮಿಷ. ಮೀನು 120ರಲ್ಲಿ ಇದ್ದರೆ ಒಂದೇ ಓವನ್‌ನಲ್ಲಿ ಎರಡೂ ಆಗವು, ನೆನಪಿರಲಿ.

ಹುಳಿಗೆ ಮೂಲಂಗಿಯನ್ನೋ ಸೌತೆಕಾಯಿಯನ್ನೋ ಕಾಗದದಷ್ಟು ತೆಳುವಾಗಿ ಹೆಚ್ಚಿ, ಎರಡು ದೊಡ್ಡ ಚಮಚ ವಿನೆಗರ್, ಒಂದು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪಿನಲ್ಲಿ ಕಾಲು ಗಂಟೆ. ಹಿಂಡಿ ಬಳಸಿ.

ಸಾಸ್

ನಿಂಬೆ ಬೆಣ್ಣೆ ಸಾಸ್ ರುಚಿಯಲ್ಲಿ ಮೇಲು, ಸ್ವಭಾವದಲ್ಲಿ ಮುಂಗೋಪಿ. ಮೂರು ಚಮಚ ನಿಂಬೆರಸ, ಎರಡು ಚಮಚ ನೀರು, ಸಣ್ಣಗೆ ಹೆಚ್ಚಿದ ಚಿಕ್ಕ ಈರುಳ್ಳಿ ಒಂದನ್ನು ಅರ್ಧಕ್ಕೆ ಬತ್ತಿಸಿ, ಸಣ್ಣ ಉರಿಯಲ್ಲಿ 100 ಗ್ರಾಂ ತಣ್ಣನೆ ಬೆಣ್ಣೆಯನ್ನು ತುಂಡು ತುಂಡಾಗಿ ಹಾಕುತ್ತ ಕಲಕಬೇಕು. 60 ಡಿಗ್ರಿ ದಾಟಿದರೆ ತುಪ್ಪ ಬೇರೆ, ನೀರು ಬೇರೆ. ಒಡೆದರೆ ಒಂದು ಚಮಚ ತಣ್ಣೀರು ಹಾಕಿ ಜೋರಾಗಿ ಕಲಕಿ, ಕೆಲವು ಸಲ ಬದುಕುತ್ತದೆ. ಇಬ್ಬರಿಗೆ ಮಾಡುವಾಗ ಇದು ಸಂತೋಷ, ಎಂಟು ಮಂದಿಗೆ ಪೀಡೆ.

ಎಂಟು ಮಂದಿಗೆ ಮೊಸರು ಮತ್ತು ಸಬ್ಬಸಿಗೆ. ನಾರ್ವೆ, ಸ್ವೀಡನ್ನಿನವರು ಸಾಲ್ಮನ್ ಜೊತೆ ತಪ್ಪದೆ ಹಾಕುವ ಡಿಲ್ ನಮ್ಮ ಸಬ್ಬಸಿಗೆ ಸೊಪ್ಪಿನ ಮನೆತನದ್ದೇ. ವಡೆಗೆ, ಅಕ್ಕಿರೊಟ್ಟಿಗೆ ತರುವ ಕಟ್ಟಿನಲ್ಲೇ ಕೆಲಸ ಮುಗಿಯುತ್ತದೆ. ನಮ್ಮದು ಘಾಟು ಹೆಚ್ಚು, ಕಡ್ಡಿ ಬಿಟ್ಟು ತುದಿಯ ಎಳೆಯಷ್ಟನ್ನೇ ಕತ್ತರಿಸಿ. ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿದ ಮೊಸರು 150 ಗ್ರಾಂ, ಸಬ್ಬಸಿಗೆ ಎರಡು ಚಮಚ, ನಿಂಬೆ ಸಿಪ್ಪೆಯ ತುರಿ, ಉಪ್ಪು. ಬೆಳಿಗ್ಗೆಯೇ ಮಾಡಿಡಬಹುದು.

ಹಬೆಯ ಮೀನಿಗೆ ಮಾತ್ರ ತೆಂಗಿನಹಾಲು. 200 ಮಿ.ಲೀ. ದಪ್ಪಹಾಲು, ಜಜ್ಜಿದ ಶುಂಠಿ, ಸೀಳಿದ ಹಸಿಮೆಣಸು ಹಾಕಿ ಕುದಿಯಲು ಬಿಡದೆ ಬಿಸಿ ಮಾಡಿ, ಸೋಸಿ, ಕೆಳಗಿಳಿಸಿದ ಮೇಲೆ ನಿಂಬೆ ಹಿಂಡಿ.

ಎರಡು ವೇಳಾಪಟ್ಟಿ

ನಾಲ್ಕು ಮಂದಿ, ಬಾಣಲೆ, ಹೂಕೋಸು, ಬೀನ್ಸ್, ನಿಂಬೆ ಬೆಣ್ಣೆ. ಊಟಕ್ಕೆ ತೊಂಬತ್ತು ನಿಮಿಷ ಮೊದಲು ಮೀನು ಉಪ್ಪುನೀರಿಗೆ, ಒರೆಸಿ ಫ್ರಿಜ್‌ಗೆ. ಅರವತ್ತಕ್ಕೆ ಹೂಕೋಸು ಒಲೆಗೆ, ಮೂಲಂಗಿ ವಿನೆಗರಿಗೆ. ಮೂವತ್ತಕ್ಕೆ ಬೀನ್ಸ್ ಬೇಯಿಸಿ ಒರೆಸಿಡಿ, ಪ್ಯೂರಿ ಬತ್ತಿಸಿ ಮುಚ್ಚಿಡಿ, ಮೀನು ಹೊರಗೆ ತೆಗೆಯಿರಿ. ಹದಿನೈದಕ್ಕೆ ಈರುಳ್ಳಿ, ನಿಂಬೆರಸ ಬತ್ತಿಸಿ, ತಟ್ಟೆಗಳನ್ನು ಬಿಸಿನೀರಿನಲ್ಲಿ ಮುಳುಗಿಸಿ. ಹತ್ತಕ್ಕೆ ಮೀನು ಬಾಣಲೆಗೆ; ಅದು ಹುರಿಯುವ ಆರೇಳು ನಿಮಿಷದಲ್ಲೇ ಪಕ್ಕದ ಒಲೆಯಲ್ಲಿ ಬೆಣ್ಣೆ ಕಲಕಿ ಮುಗಿಸಬೇಕು. ಮೀನು ಇಳಿಸಿದ ಮೇಲೆ ಎರಡು ನಿಮಿಷ ಚರ್ಮ ಮೇಲಾಗಿ ಬಿಡಿ, ಅಷ್ಟರಲ್ಲಿ ಅದೇ ಒಲೆಯಲ್ಲಿ ಬೀನ್ಸ್ ಹೊರಳಿಸಿ. ಎರಡು ಒಲೆಯ ಸ್ಟವ್ ಇದ್ದವರಿಗೆ ಇದು ಸಾಧ್ಯ, ಒಂದೇ ಇಂಡಕ್ಷನ್ ಇದ್ದವರು ಬೆಣ್ಣೆ ಸಾಸ್ ಕೈಬಿಟ್ಟು ಮೊಸರಿಗೆ ಬನ್ನಿ.

ಎಂಟು ಮಂದಿ, ಓವನ್. ಮೊಸರು ಸಾಸ್, ಎರಡರಷ್ಟು ಹೂಕೋಸು, ಬೀನ್ಸ್, ಬ್ರೆಡ್ ಪುಡಿ ಎಲ್ಲ ಮಧ್ಯಾಹ್ನವೇ ಮುಗಿದಿರಲಿ. ಎಣ್ಣೆ ಸವರಿದ ಟ್ರೇಯಲ್ಲಿ ತುಂಡುಗಳ ನಡುವೆ ಎರಡು ಬೆರಳು ಅಂತರ. ಓಟಿಜಿ ಚಿಕ್ಕದಾಗಿ ಆರೇ ಹಿಡಿದರೆ ಎರಡು ಟ್ರೇ ಒಂದರ ಮೇಲೊಂದು ಇಡಬೇಡಿ, ಕೆಳಗಿನದು ಮೊದಲು ಬೇಯುತ್ತದೆ. ಅಂಥವರಿಗೆ ತಣ್ಣನೆಯ ಸಾಲ್ಮನ್ನೇ ಲೇಸು. ಅತಿಥಿಗಳು ಕೈತೊಳೆಯಲು ಎದ್ದಾಗ ಮೀನು ಒಳಗಿಟ್ಟರೆ ತಡವಾಯಿತು, ಕಾಲು ಗಂಟೆ ಮೊದಲೇ ಇಡಿ.

ಬಳಗದಲ್ಲಿ ಮೀನು ತಿನ್ನದವರು ಒಬ್ಬರಾದರೂ ಇರುತ್ತಾರೆ. ಹೂಕೋಸನ್ನು ನಡುದಂಟು ಸಮೇತ 2 ಸೆಂ.ಮೀ. ದಪ್ಪಕ್ಕೆ ಕೊಯ್ದು, ಬೇರೆ ಬಾಣಲೆಯಲ್ಲಿ ಎರಡೂ ಬದಿ ಕೆಂಪಗೆ ಹುರಿದರೆ ಅದೇ ಹಾಸು, ಅದೇ ಬೀನ್ಸ್, ಅದೇ ಸಾಸಿನಲ್ಲಿ ಅವರ ತಟ್ಟೆಯೂ ಸಿದ್ಧ. ಮೊದಲು ಅವರ ತಟ್ಟೆ ಕಟ್ಟಿ, ಆಮೇಲೆ ಮೀನು ಮುಟ್ಟಿ.

ತಟ್ಟೆಗೆ

27 ಸೆಂ.ಮೀ. ಬಿಳಿ ತಟ್ಟೆ, ಬೆಚ್ಚಗಿರಲಿ. ತಣ್ಣನೆ ತಟ್ಟೆಯಲ್ಲಿ ಬೆಣ್ಣೆ ಹೆಪ್ಪುಗಟ್ಟುತ್ತದೆ. ಸ್ಟೀಲ್ ತಟ್ಟೆ ಮೀನಿನ ಬಣ್ಣವನ್ನೆಲ್ಲ ಪ್ರತಿಫಲಿಸಿ ಕಲಸುತ್ತದೆ, ಬೇಡ. ಎರಡು ದೊಡ್ಡ ಚಮಚ ಪ್ಯೂರಿಯನ್ನು ನಡುವಿನಿಂದ ಸ್ವಲ್ಪ ಎಡಕ್ಕೆ ಹಾಕಿ, ಚಮಚದ ಬೆನ್ನಿನಿಂದ ಒಂದೇ ಎಳೆತಕ್ಕೆ ಎಳೆಯಿರಿ. ಎರಡನೇ ಸಲ ತಿದ್ದಲು ಹೋದರೆ ಗೋಡೆಗೆ ಸುಣ್ಣ ಬಳಿದಂತಾಗುತ್ತದೆ. ಬೀನ್ಸ್ ಐದಾರು ಎಳೆ ಒಂದರ ಮೇಲೊಂದು ಓರೆಯಾಗಿ, ಮೀನು ಅದಕ್ಕೆ ಒರಗಿ, ಚರ್ಮ ಯಾವತ್ತೂ ಮೇಲಕ್ಕೆ. ಚರ್ಮವನ್ನು ಪ್ಯೂರಿಗೆ ಮುಟ್ಟಿಸಿದರೆ ಎರಡೇ ನಿಮಿಷದಲ್ಲಿ ಒದ್ದೆ. ಸಾಸ್ ಮೀನಿನ ಸುತ್ತ ಹರಿಯಲಿ, ಮೇಲೆ ಬೇಡ. ಚರ್ಮ ತೆಗೆದ ಓವನ್ ಮೀನಾದರೆ ಮೇಲೆ ಸವರಿ, ಬ್ರೆಡ್ ಪುಡಿ ಉದುರಿಸಿ. ಹುಳಿ ಮೂಲಂಗಿ ಮೂರು ಬಿಲ್ಲೆ. ಒದ್ದೆ ಬಟ್ಟೆಯಿಂದ ಅಂಚು ಒರೆಸಿ.

ಉಳಿದ ಸಾಲ್ಮನ್ನನ್ನು ಮತ್ತೆ ಬಿಸಿ ಮಾಡಬೇಡಿ, ಮನೆಯೆಲ್ಲ ನಾರುತ್ತದೆ, ಮೀನೂ ಒಣಗುತ್ತದೆ. ಎರಡು ದಿನದೊಳಗೆ ತಣ್ಣಗೇ ಎಸಳು ಬಿಡಿಸಿ, ಉಳಿದ ಸಬ್ಬಸಿಗೆ ಮೊಸರಿಗೆ ಕಲಸಿ, ಬ್ರೆಡ್ ಮೇಲೆ ಹಾಕಿಕೊಳ್ಳಿ.